ಕರೆಂಟ್ ಮೊದಲು ಯಾರಿಗೆ? ಕೆಜಿಎಫ್‌ನಿಂದ ಹಾಲಿನ ಡೈರಿವರೆಗೆ

ಕೋಲಾರ ಜಿಲ್ಲೆಗೆ ಕರೆಂಟ್ ಬಂದಿದ್ದು ಬೆಂಗಳೂರಿಗಿಂತ ಮೊದಲು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿ ದಾಟಿ ನೇರವಾಗಿ ಕೆಜಿಎಫ್ ಚಿನ್ನದ ಗಣಿಗೆ ಬಂತು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ಗಣಿಗೆ ಮೊದಲು, ಊರಿಗೆ ಆಮೇಲೆ. ಆ ಸರತಿಯನ್ನು ತೀರ್ಮಾನ ಮಾಡಿದ್ದು ದುಡ್ಡು ಮತ್ತು ಒಪ್ಪಂದ. ತಂತಿಯ ಕೆಳಗಿದ್ದ ಹಳ್ಳಿಗಳನ್ನು ಯಾರೂ ಕೇಳಲಿಲ್ಲ, ಅವು ಇನ್ನೂ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು.

ಆಮೇಲೆ ಹಳ್ಳಿಗೂ ಲೈನ್ ಬಂತು, ಜೊತೆಗೆ ಲೋಡ್ ಶೆಡ್ಡಿಂಗೂ ಬಂತು. ಗ್ರಿಡ್, ಅಂದರೆ ಇಡೀ ವಿದ್ಯುತ್ ಜಾಲ, ಸೆಕೆಂಡಿಗೆ 50 ಆವರ್ತನ, ಅಂದರೆ 50 ಹರ್ಟ್ಸ್‌ನಲ್ಲಿ ಓಡಬೇಕು. ಬೇಡಿಕೆ ಜಾಸ್ತಿಯಾಗಿ ಉತ್ಪಾದನೆ ಸಾಲದೇ ಹೋದರೆ ಆ ಆವರ್ತನ ಕೆಳಗಿಳಿಯುತ್ತದೆ, ಆಗ ಎಲ್ಲೋ ಒಂದು ಕಡೆ ಲೋಡ್ ತೆಗೆಯಲೇಬೇಕು. ಸಬ್‌ಸ್ಟೇಷನ್‌ನಲ್ಲಿ ಕೈಗೆ ಸಿಗುತ್ತಿದ್ದದ್ದು ಹಲವು ಹಳ್ಳಿಗೆ ಕರೆಂಟ್ ಒಯ್ಯುವ ಇಡೀ 11 ಕೆವಿ ಫೀಡರ್‌ನ ಸ್ವಿಚ್ ಮಾತ್ರ. ಅದನ್ನು ತೆಗೆದರೆ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ, ಆಸ್ಪತ್ರೆಯ ಫ್ರಿಡ್ಜು, ಓದೋ ಮಕ್ಕಳ ದೀಪ ಎಲ್ಲಾ ಒಟ್ಟಿಗೇ ಆಫ್. ಯಾವುದು ತುರ್ತು, ಯಾವುದು ಎರಡು ಗಂಟೆ ಕಾಯಬಹುದು ಅನ್ನೋ ವ್ಯತ್ಯಾಸ ಆ ಸ್ವಿಚ್ಚಿಗೆ ಎಲ್ಲಿಂದ ಗೊತ್ತಾಗಬೇಕು?

ಕರೆಂಟ್ ವಾಪಸ್ ಬಂದಾಗ ಇನ್ನೊಂದು ತಾಪತ್ರಯ. ನಮ್ಮ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ, ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳೇ ಗತಿ. ತ್ರೀ ಫೇಸ್ ಯಾವಾಗ ಕೊಡುತ್ತಾರೋ ಅಂತ ರೈತರು ಆಟೋ ಸ್ಟಾರ್ಟರ್ ಹಾಕಿಟ್ಟಿರುತ್ತಾರೆ. ಲೈನ್ ಬಂದ ತಕ್ಷಣ ಅಷ್ಟೂ ಮೋಟಾರು ಒಂದೇ ಸಲ ಎದ್ದು ನಿಲ್ಲಲು ನೋಡುತ್ತವೆ. ಹೊರಡುವಾಗ ಮೋಟಾರು ಓಡುವಾಗಿನದ್ದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತೆ, ವೋಲ್ಟೇಜ್ ಕುಸಿಯುತ್ತೆ, ಕೆಲವು ಸಲ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟೇ ಹೋಗುತ್ತೆ. ಇದರಲ್ಲಿ ರೈತರ ತಪ್ಪೇನಿಲ್ಲ. ಸರತಿಯೇ ಇಲ್ಲದ ಕಡೆ ಎಲ್ಲರೂ ಒಟ್ಟಿಗೇ ನುಗ್ಗುತ್ತಾರೆ, ಅಷ್ಟೇ.

ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಲೈನು, ಪಂಪ್‌ಸೆಟ್ ಲೈನು ಬೇರೆ ಮಾಡಿದ್ದು ನಿಜಕ್ಕೂ ದೊಡ್ಡ ಹೆಜ್ಜೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಬಂದ ಮೇಲೆ ಹಗಲು ಹೊತ್ತಿನ ಕರೆಂಟೂ ಹೆಚ್ಚಿತು. ಆದರೂ ತೀರ್ಮಾನ ಫೀಡರ್ ಮಟ್ಟದಲ್ಲೇ ನಿಂತಿದೆ.

ಈಗ ಅದೇ ಪ್ರಶ್ನೆ ಕಟ್ಟಡದ ಒಳಗೆ ಬಂದಿದೆ. ಒಂದು ಹಳ್ಳಿ ಡೈರಿ ಅಂದುಕೊಳ್ಳಿ. ಚಾವಣಿ ಮೇಲೆ ಸೋಲಾರ್, ಒಳಗೆ 10 ಕಿಲೋವ್ಯಾಟ್ ಬ್ಯಾಟರಿ, ಅದನ್ನು ನಡೆಸೋಕೆ ಒಂದು ಸಾಫ್ಟ್‌ವೇರ್. ಹಾಲನ್ನು 4 ಡಿಗ್ರಿಗೆ ಇಳಿಸುವ ಕೂಲರ್‌ನ ಪರವಾಗಿ ಒಂದು ಪ್ರೋಗ್ರಾಂ 'ಬ್ಯಾಟರಿಯಿಂದ 6 ಕಿಲೋವ್ಯಾಟ್ ಕೊಡು' ಅನ್ನುತ್ತೆ. ಬಿಲ್ ಉಳಿಸೋ ಪ್ರೋಗ್ರಾಂ 'ಬೇಡ, ಈಗ ಚಾರ್ಜ್ ಮಾಡು' ಅನ್ನುತ್ತೆ. ಸುಮ್ನೆ ಬಿಟ್ಟರೆ ಕೊನೆಗೆ ಹೇಳಿದವರ ಮಾತೇ ನಡೆಯುತ್ತೆ, ಮರುಕ್ಷಣ ಇನ್ನೊಬ್ಬರದು. ಬ್ಯಾಟರಿ ಚಾರ್ಜು, ಡಿಸ್ಚಾರ್ಜು ಅಂತ ಓಲಾಡುತ್ತಾ ಕೂರುತ್ತೆ.

ಅದಕ್ಕೇ ಯಾವ ಪ್ರೋಗ್ರಾಂ ಮೇಲೆ, ಯಾವುದು ಕೆಳಗೆ ಅನ್ನೋ ಆದ್ಯತೆ ಬೇಕು. ಇದನ್ನು ಎರಡು ಥರ ಬರೆಯಬಹುದು. ಮೇಲಿನವನ ಮಾತೇ ಅಂತಿಮ, ಕೆಳಗಿನವರು ಬಾಯಿ ಮುಚ್ಚಿಕೊಳ್ಳಿ ಅನ್ನೋದು ಒಂದು. ಅದು ಹಳೇ ಫೀಡರ್ ಸ್ವಿಚ್ಚಿನ ಬುದ್ಧಿಯೇ, ನನಗೆ ಹಿಡಿಸಲ್ಲ. ಇನ್ನೊಂದರಲ್ಲಿ ಮೇಲಿನವನು ಒಂದೇ ಸಂಖ್ಯೆ ಹೇಳುವ ಬದಲು ಮಿತಿ ಹೇಳುತ್ತಾನೆ: '6ಕ್ಕಿಂತ ಕಡಿಮೆ ಬೇಡ, 10ರವರೆಗೆ ಪರವಾಗಿಲ್ಲ.' ಕೆಳಗಿನವನು ಆ 6 ಮತ್ತು 10ರ ನಡುವೆ ತನಗೆ ಬೇಕಾದ್ದನ್ನು ಕೇಳಬಹುದು. 8 ಕೇಳಿದರೆ 8 ಸಿಗುತ್ತೆ. 3 ಕೇಳಿದರೆ 6ಕ್ಕೆ ನಿಲ್ಲುತ್ತೆ. ಹೀಗೆ ಒಬ್ಬೊಬ್ಬರೂ ತಮ್ಮ ಕೆಳಗಿನವರಿಗೆ ಜಾಗ ಬಿಟ್ಟುಕೊಡುತ್ತಾ ಹೋಗುತ್ತಾರೆ. ಹಾಲೂ ಕೆಡಲ್ಲ, ಬಿಲ್ ಉಳಿಸೋನಿಗೂ ಒಂದಿಷ್ಟು ಕೆಲಸ ಉಳಿಯುತ್ತೆ. ಎಲ್ಲಕ್ಕಿಂತ ಮೇಲೆ ಬ್ಯಾಟರಿಯ ಸುರಕ್ಷತೆಯ ಮಿತಿ ಇರುತ್ತೆ, ಅದನ್ನು ಯಾರೂ ಮುಟ್ಟೋ ಹಾಗಿಲ್ಲ.

ಬೇಡಿಕೆಗೆ ಅವಧಿಯೂ ಇರಲೇಬೇಕು. ಕೂಲರ್‌ನ ಪ್ರೋಗ್ರಾಂ ಕೆಟ್ಟು ನಿಂತರೆ ಅದರ ಹಳೇ '6' ಹಾಗೇ ಕೂತು ರಾತ್ರಿಯೆಲ್ಲಾ ಬ್ಯಾಟರಿ ಖಾಲಿ ಮಾಡುತ್ತೆ. ಇಂತಿಷ್ಟು ಹೊತ್ತು ಮತ್ತೆ ಕೇಳದಿದ್ದರೆ ಆ ಬೇಡಿಕೆ ಬಿದ್ದುಹೋಗಬೇಕು, ಜೊತೆಗೆ ಯಾರಿಗಾದರೂ ಎಚ್ಚರಿಕೆ ಹೋಗಬೇಕು, ಇಲ್ಲಾಂದ್ರೆ ಹಾಲು ಕೆಟ್ಟಿದ್ದು ಬೆಳಿಗ್ಗೆಯೇ ಗೊತ್ತಾಗೋದು. ಇಬ್ಬರಿಗೆ ಒಂದೇ ಆದ್ಯತೆ ಕೊಟ್ಟರೆ ಯಾರ ಮಾತು ನಡೆಯಬೇಕು ಅನ್ನೋದನ್ನೂ ಮೊದಲೇ ಬರೆದಿಡಬೇಕು.

ಈ ಆದ್ಯತೆಯ ಪಟ್ಟಿಯನ್ನು ಬರೆಯೋದು ಯಾರು? ಬ್ಯಾಟರಿ, ಸಾಫ್ಟ್‌ವೇರ್ ಹಾಕಿಕೊಟ್ಟು ಹೋಗುವ ಕಂಪನಿಯವರೇ ಸದ್ಯಕ್ಕೆ ಅಂತ ಬರೆದರೆ ಅದೇ ಉಳಿದುಬಿಡುತ್ತೆ. ಡೈರಿ ಸಂಘದವರು ಕೂತು, ಹಾಲು ಬರುವ ಹೊತ್ತು ನೋಡಿ, ಬೆಳಿಗ್ಗೆ ಕೂಲರ್ ಮೇಲೆ, ಮಧ್ಯಾಹ್ನ ಚಾರ್ಜಿಂಗ್ ಮೇಲೆ ಅಂತ ತಾವೇ ಹೇಳಬೇಕು. ಪಾಸ್‌ವರ್ಡ್ ಕೂಡ ಅವರ ಕೈಯಲ್ಲೇ ಇರಬೇಕು. ಕರಾರು ಬರೆಯುವಾಗಲೇ ಇದನ್ನು ಕೇಳಿ ಹಾಕಿಸಿಕೊಳ್ಳಿ.