ಸ್ಲೀಪರ್ ಕಾಂಕ್ರೀಟಿಗೆ ಬೂದಿ ಬೆರೆಸಲು ಇಷ್ಟು ತಡ ಯಾಕೆ?

ಪಣಂಬೂರು ಬಂದರಿಗೆ ಬಂದಿಳಿಯುವ ಕಲ್ಲಿದ್ದಲು ರೈಲು ಹತ್ತಿ ಪಡುಬಿದ್ರಿ ಪಕ್ಕದ ಎಲ್ಲೂರಿನ ವಿದ್ಯುತ್ ಸ್ಥಾವರಕ್ಕೆ ಹೋಗುತ್ತದೆ. ಉರಿದ ಮೇಲೆ ಹಾರುಬೂದಿ ಉಳಿಯುತ್ತದೆ. ಆ ರೈಲು ಓಡುವ ಹಳಿಯ ಅಡಿಯ ಸ್ಲೀಪರಿಗೇ ಈ ಬೂದಿ ಹಾಕಬಹುದಲ್ವಾ?

ಬೇಡದ್ದನ್ನು ಗಾರೆಗೆ ಬೆರೆಸುವುದು ಹೊಸತೇನಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾಯಿತು. ಒಡೆದ ಹಂಚು, ಇಟ್ಟಿಗೆ ಕುಟ್ಟಿ ಪುಡಿ ಮಾಡಿದರೆ ಸುರ್ಕಿ. ಸುಣ್ಣದ ಜೊತೆ ಸೇರಿದರೆ ಅದು ನೀರಿನಲ್ಲೂ ಗಟ್ಟಿಯಾಗುತ್ತದೆ. ಕೆಆರ್‌ಎಸ್ ಅಣೆಕಟ್ಟು ಕಟ್ಟಿದ್ದೂ ಸುರ್ಕಿ ಗಾರೆಯಲ್ಲೇ. ಹಾರುಬೂದಿಯದೂ ಇದೇ ಕೆಲಸ. ಸಿಮೆಂಟಿಗೆ ನೀರು ಬಿದ್ದಾಗ ಹುಟ್ಟುವ ಸುಣ್ಣದ ಜೊತೆ ಕೂಡಿ ಅಂಟಾಗುತ್ತದೆ, ಕಾಂಕ್ರೀಟಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ.

ಮಂಗಳೂರಿಗೆ ರೈಲು ಬಂದ 1907ರ ಸುಮಾರಿಗೆ ಸ್ಲೀಪರ್ ಎಂದರೆ ಮರ, ಇಲ್ಲವೇ ಕಬ್ಬಿಣ. ಫ್ರಾನ್ಸಿನ ಜೋಸೆಫ್ ಮೋನಿಯೆ 1877ರಲ್ಲೇ ಕಾಂಕ್ರೀಟ್ ಸ್ಲೀಪರಿಗೆ ಪೇಟೆಂಟ್ ಪಡೆದಿದ್ದರೂ ಅದಕ್ಕೆ ಕಾಲ ಕೂಡಿಬಂದದ್ದು ಎರಡನೇ ಮಹಾಯುದ್ಧದಲ್ಲಿ ಮರ ಸಿಗದೆ ಹೋದಾಗ. 1998ರಲ್ಲಿ ಪೂರ್ತಿ ತೆರೆದ ಕೊಂಕಣ ರೈಲು ಮಾರ್ಗದಲ್ಲಿ ನಮಗೆ ಕಾಣುವುದು ಕಾಂಕ್ರೀಟ್ ಸ್ಲೀಪರುಗಳ ಸಾಲೇ.

ಈ ಸ್ಲೀಪರ್ ಮಾಡುವಲ್ಲೇ ಬೂದಿಗೆ ತೊಡಕು. ಉಕ್ಕಿನ ತಂತಿಗಳನ್ನು ಬಿಗಿಯಾಗಿ ಎಳೆದು ಹಿಡಿದು, ಸುತ್ತ ಕಾಂಕ್ರೀಟ್ ತುಂಬುತ್ತಾರೆ. ಹಬೆ ಕೊಟ್ಟು ಬೇಗ ಗಟ್ಟಿ ಮಾಡಿ ತಂತಿ ಸಡಿಲಿಸುತ್ತಾರೆ. ತಂತಿ ಒಳಕ್ಕೆ ಜಗ್ಗಿದಾಗ ಕಾಂಕ್ರೀಟ್ ತಡೆಯಬೇಕು, ಅಚ್ಚು ಮಾರನೇ ದಿನದ ಕೆಲಸಕ್ಕೆ ಖಾಲಿಯಾಗಬೇಕು. ಅದಕ್ಕೆಂದೇ 53-ಎಸ್ ಎಂಬ ಬೇರೆ ಸಿಮೆಂಟ್ ಇದೆ. ಬೂದಿಗೋ ಅವಸರವಿಲ್ಲ. ಅದು ಬಲ ಕೊಡಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ನನ್ನ ಪ್ರಕಾರ ಅಡ್ಡಿಯಾದದ್ದು ವಿಜ್ಞಾನಕ್ಕಿಂತ ಈ ಗಡಿಯಾರವೇ ಜಾಸ್ತಿ.

ಆದರೆ ಅವಸರಕ್ಕೂ ಬೆಲೆ ತೆರಬೇಕಾಯಿತು. ಹಬೆಯ ಶಾಖ 70 ಡಿಗ್ರಿ ದಾಟಿದ ಸ್ಲೀಪರುಗಳು ಕೆಲವು ವರ್ಷ ನೀರು ಕುಡಿದ ಮೇಲೆ ಒಳಗೊಳಗೇ ಉಬ್ಬಿ ಬಿರಿದದ್ದು ಯುರೋಪಿನಲ್ಲಿ ಕಂಡಿತು. ಬೂದಿ, ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆಸಿದರೆ ಈ ಕಾಟ ಕಡಿಮೆ. ಉಪ್ಪು ಗಾಳಿಯ ಉಡುಪಿ ಕಡೆಗೆ ಇನ್ನೊಂದು ಲಾಭವೂ ಇದೆ: ಉಪ್ಪಿನಂಶ ತಂತಿಯವರೆಗೆ ಇಳಿಯುವುದು ನಿಧಾನವಾಗುತ್ತದೆ. ಸಿಮೆಂಟೇ ಇಲ್ಲದೆ ಸ್ಲ್ಯಾಗಿಗೆ ಕ್ಷಾರ ಸೇರಿಸಿ ಗಟ್ಟಿ ಮಾಡುವ ದಾರಿಯನ್ನು ಕೀವ್‌ನಲ್ಲಿ ವಿಜ್ಞಾನಿ ಗ್ಲುಖೋವ್‌ಸ್ಕಿ 1950ರ ದಶಕದಲ್ಲೇ ಹುಡುಕಿದ್ದರು. 1980ರ ದಶಕದಲ್ಲಿ ಸೋವಿಯತ್ ರೈಲ್ವೆಗೆ ಅಂಥ ಸ್ಲೀಪರುಗಳೂ ತಯಾರಾದವು.

ಒಡೆದ ಕಟ್ಟಡದ ಜಲ್ಲಿಯದು ಬೇರೆಯೇ ಕಥೆ. ಅದಕ್ಕೆ ಹಳೆ ಗಾರೆ ಅಂಟಿರುತ್ತದೆ, ನೀರು ಹೀರುತ್ತದೆ. ಜಲ್ಲಿ, ಮರಳಿಗೆ ಇರುವ 2016ರ ಭಾರತೀಯ ಮಾನದಂಡ ಐಎಸ್ 383 ಅದನ್ನು ಸರಳು ಹಾಕಿದ ಕಾಂಕ್ರೀಟಿಗೆ ಶೇ 20ರವರೆಗೆ ಬಿಟ್ಟಿದೆ, ಅದೂ ಎಂ-25 ದರ್ಜೆಯವರೆಗೆ ಮಾತ್ರ (ಅಂಕಿ ಏರಿದಷ್ಟೂ ಕಾಂಕ್ರೀಟಿನ ಬಲ ಹೆಚ್ಚು). ಸ್ಲೀಪರ್ ಎಂ-55 ಇಲ್ಲವೇ ಅದಕ್ಕೂ ಮೇಲಿನದು. ಹಾಗಾಗಿ ಹಳಿಯಿಂದ ಕಿತ್ತ ಹಳೆ ಸ್ಲೀಪರನ್ನು ಪುಡಿ ಮಾಡಿದರೂ ಸದ್ಯಕ್ಕೆ ಅದು ಮತ್ತೆ ಸ್ಲೀಪರ್ ಆಗುವ ಹಾಗಿಲ್ಲ.