ಓದುಗರ ಪ್ರಶ್ನೆ: ಚೆನ್ನಾಗಿ ಓಡುತ್ತಿರುವ ಲಿನಕ್ಸ್‌ಗೆ ಅಪ್‌ಡೇಟ್ ಯಾಕೆ ಹಾಕಬೇಕು?

"ಸರ್, ಅಂಗಡಿ ಕಂಪ್ಯೂಟರಿನ ಉಬುಂಟು ಲಿನಕ್ಸ್ 2 ವರ್ಷದಿಂದ ಚೆನ್ನಾಗಿ ಓಡ್ತಾ ಇದೆ. ಒಂದು ಸಲಾನೂ ಅಪ್‌ಡೇಟ್ ಮಾಡಿಲ್ಲ. ಮಾಡಿದ್ರೆ ಹಾಳಾಗುತ್ತೆ ಅಂತಾರೆ. ಮುಟ್ಟದೆ ಬಿಡೋದೇ ಒಳ್ಳೇದು ಅಲ್ವಾ?"

ಈ ಸಲ ಕೇಳಿದವರು ಸಾಗರದವರು. ಹೋದ ತಿಂಗಳು ತೀರ್ಥಹಳ್ಳಿಯವರು, ಅದಕ್ಕೂ ಮುಂಚೆ ಇಲ್ಲೇ ಶಿವಮೊಗ್ಗದ ದುರ್ಗಿಗುಡಿಯವರು. ಊರು ಬೇರೆ, ಪ್ರಶ್ನೆ ಅದೇ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ಉತ್ತರ ಚಿಕ್ಕದು. ಮುಟ್ಟದೆ ಬಿಡುವುದು ಒಳ್ಳೇದಲ್ಲ. ವಾರಕ್ಕೊಮ್ಮೆ ಅಪ್‌ಡೇಟ್ ಹಾಕಿ. ಕಂಡಕಂಡ ಕಡೆಯ ರೆಪೊಸಿಟರಿ (ಸಾಫ್ಟ್‌ವೇರ್ ಇಳಿಸಿಕೊಳ್ಳುವ ಉಗ್ರಾಣ) ಸೇರಿಸಬೇಡಿ. ಮಳೆಗಾಲದಲ್ಲಿ ಕರೆಂಟನ್ನು ನಂಬಬೇಡಿ. ಆದರೆ ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ, ಯಾಕಂದರೆ ತಲೆಯಲ್ಲಿ ಒಂದು ನಂಬಿಕೆ ಬೇರು ಬಿಟ್ಟಿದೆ: ಅಪ್‌ಡೇಟ್ ಅಂದರೆ ಹೊಸ ವರ್ಷನ್, ಹೊಸ ವರ್ಷನ್ ಅಂದರೆ ಹೊಸ ತಲೆನೋವು. ಮೊದಲು ಅದನ್ನು ಕೀಳಬೇಕು.

ಈ ನಂಬಿಕೆ ಬಂದಿದ್ದು ಮೊಬೈಲ್‌ನಿಂದ. ರಾತ್ರಿ ಅಪ್‌ಡೇಟ್ ಆದರೆ ಬೆಳಿಗ್ಗೆ ಬಟನ್ನುಗಳ ಜಾಗ ಬದಲಾಗಿರುತ್ತದೆ, ಹಳೇ ಫೋನು ಇನ್ನೂ ನಿಧಾನವಾಗಿರುತ್ತದೆ. ಆ ಅನುಭವ ಸುಳ್ಳಲ್ಲ. ಆದರೆ ಹೆಚ್ಚು ವರ್ಷ ಬೆಂಬಲ ಸಿಗುವ ಉಬುಂಟು ಎಲ್‌ಟಿಎಸ್, ಇನ್ನೊಂದು ಬಗೆಯ ಲಿನಕ್ಸ್ ಆದ ಡೆಬಿಯನ್‌ನ ಸ್ಥಿರ ಬಿಡುಗಡೆ ಸ್ಟೇಬಲ್, ಇವು ನಡೆಯುವ ರೀತಿಯೇ ಬೇರೆ. ಬಿಡುಗಡೆ ಹೊತ್ತಿಗೆ ಒಳಗಿರುವ ಸಾವಿರಾರು ಸಾಫ್ಟ್‌ವೇರ್ ಪ್ಯಾಕೇಜ್‌ಗಳ ವರ್ಷನ್ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಯಾವುದರಲ್ಲಾದರೂ ಭದ್ರತೆಯ ತೂತು ಸಿಕ್ಕರೆ, ಆ ತೂತಿಗೆ ಬೇಕಾದಷ್ಟೇ ತೇಪೆ ತಂದು ಹಳೇ ವರ್ಷನ್ನಿಗೇ ಹಚ್ಚುತ್ತಾರೆ. ಫೈರ್‌ಫಾಕ್ಸ್‌ನಂಥ ಬ್ರೌಸರ್‌ಗಳಿಗೆ ಹೊಸ ವರ್ಷನ್ನೇ ಬರುತ್ತದೆ, ನಿಜ. ಉಳಿದ ಹೆಚ್ಚಿನವು ಇದ್ದ ಹಾಗೇ ಇರುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ, ಇದನ್ನು ಯಾವಾಗಲೂ ಕೊಡುತ್ತೇನೆ. 2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ದೋಷ ಹೊರಬಂತು. ಇಂಟರ್‌ನೆಟ್ ಸಂಪರ್ಕಕ್ಕೆ ಗೂಢಲಿಪಿ ಹಾಕುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜ್‌ನ 1.0.1ರಿಂದ 1.0.1ಎಫ್ ತನಕ ಎಲ್ಲದರಲ್ಲೂ ಇತ್ತು. ಮೂಲ ತಂಡದವರು 1.0.1ಜಿ ಬಿಟ್ಟು ಸರಿಮಾಡಿದರು. ಆಗಿನ ಡೆಬಿಯನ್ 7ರಲ್ಲಿ ಇದ್ದದ್ದು 1.0.1ಇ. ಡೆಬಿಯನ್‌ನವರು 'ಜಿ' ತರಲೇ ಇಲ್ಲ. 'ಇ' ಇದ್ದಲ್ಲೇ ಇಟ್ಟು ತೇಪೆ ಹಚ್ಚಿದರು. ವರ್ಷನ್ನಿನ ಬಾಲದಲ್ಲಿ 'ಡೆಬ್7ಯು5' ಅಂತ ಸೇರಿತು, ಅಷ್ಟೇ. ಎಲ್ಲಿ ಬಂತು ಹೊಸ ವರ್ಷನ್?

ಇದರಲ್ಲೇ ಇನ್ನೊಂದು ಪಾಠ ಇದೆ. ಆ ದೋಷ 2012ರಿಂದಲೇ ಒಳಗೆ ಕೂತಿತ್ತು. 2 ವರ್ಷ ಸರ್ವರ್‌ಗಳೆಲ್ಲ "ಚೆನ್ನಾಗಿ ಓಡ್ತಾ" ಇದ್ದವು. ಕೇಳಿದವರಿಗೆಲ್ಲ ಒಂದು ಸಲಕ್ಕೆ 64 ಕೆಬಿ ತನಕ ಮೆಮೊರಿ ಬಿಟ್ಟುಕೊಡುತ್ತಾ ಓಡುತ್ತಿದ್ದವು. ಮಾಮೂಲಿ ಲಾಗ್‌ನಲ್ಲಿ ಅದರ ಗುರುತೂ ಬೀಳುತ್ತಿರಲಿಲ್ಲ. ಅಡಿಕೆ ಬೆಳೆಯುವವರಿಗೆ ಇದನ್ನು ನಾನು ಹೇಳಿಕೊಡಬೇಕಾ? ಗೊನೆ ಹಸಿರಾಗಿ ಚೆನ್ನಾಗಿರುವಾಗಲೇ ಅಲ್ವಾ ಬೋರ್ಡೋ ಔಷಧಿ ಹೊಡೆಯುವುದು? ಕೊಳೆ ರೋಗ ಬಂದು ಕಾಯಿ ಉದುರಿದ ಮೇಲೆ ಕೊನೆಗಾರರನ್ನು ಕರೆಸಿ ಏನು ಪ್ರಯೋಜನ?

ಸಾಗರದವರು ಇಷ್ಟಕ್ಕೂ ಒಪ್ಪಲಿಲ್ಲ. "ನನ್ನದು ಮುಟ್ಟದೇ ಇರೋದಕ್ಕೇ ಚೆನ್ನಾಗಿದೆ" ಎಂದರು. ಸರಿ, ಫೋನ್ ಇಡಬೇಡಿ, ಫೈಲ್ ಮ್ಯಾನೇಜರ್ ತೆಗೆಯಿರಿ ಎಂದೆ. ವಾರ್ ಫೋಲ್ಡರ್, ಅದರೊಳಗೆ ಲಾಗ್, ಅದರೊಳಗೆ ಆಪ್ಟ್. ಹಿಸ್ಟರಿ ಅನ್ನೋ ಫೈಲ್ ತೆಗೆದು ಓದಿ. ಅವರು ಒಂದೊಂದೇ ಸಾಲು ಓದಿದರು. ಸ್ಟಾರ್ಟ್ ಡೇಟ್, ಮೊನ್ನೆ ಮಂಗಳವಾರ, 9 ಗಂಟೆ 22 ನಿಮಿಷ. ಅಂದರೆ ಅಂಗಡಿ ಬಾಗಿಲು ತೆಗೆದು ಕಂಪ್ಯೂಟರ್ ಹಾಕಿದ ಹೊತ್ತು. ಕಮಾಂಡ್ ಲೈನ್: ಅನ್‌ಅಟೆಂಡೆಡ್ ಅಪ್‌ಗ್ರೇಡ್. ಅದಕ್ಕಿಂತ ಮೇಲೆ ಹಿಂದಿನ ವಾರದ್ದು. ಪಕ್ಕದಲ್ಲಿ ಹಳೇ ತಿಂಗಳುಗಳ ಜಿಪ್ ಫೈಲ್‌ಗಳು ಸಾಲಾಗಿ ಇದ್ದವು. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

ಉಬುಂಟು ಹಾಕಿದಾಗಲೇ ಈ ವ್ಯವಸ್ಥೆ ಆನ್ ಆಗಿರುತ್ತದೆ. ಭದ್ರತೆಯ ತೇಪೆಗಳನ್ನು ಅದು ಸುಮ್ನೆ ತಾನೇ ಹಾಕಿಕೊಳ್ಳುತ್ತದೆ. ಅವರು 2 ವರ್ಷ "ಮುಟ್ಟದೆ" ಇಟ್ಟ ಯಂತ್ರ ಅಷ್ಟೂ ದಿನ ಅಪ್‌ಡೇಟ್ ಆಗುತ್ತಲೇ ಇತ್ತು. ಅದು ಹಾಳಾಗದೇ ಇದ್ದದ್ದೇ ನನ್ನ ಮಾತಿಗೆ ಸಾಕ್ಷಿ.

ಹಾಗಂತ ಹೊಸದೆಲ್ಲ ತಂದು ತುಂಬಿ ಅಂತ ನಾನು ಹೇಳುತ್ತಿಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ ಪ್ಯಾಕೇಜ್‌ನಲ್ಲಿ ಯಾರೋ ಬೇಕೆಂದೇ ಇಟ್ಟ ಹಿಂಬಾಗಿಲು ಸಿಕ್ಕಿತು. ದೂರದ ಯಂತ್ರಕ್ಕೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಬೆನ್ನು ಹತ್ತಿ ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್. ಆ ಅರ್ಧ ಸೆಕೆಂಡನ್ನು ಬಿಡದ ಮನುಷ್ಯನ ಮೇಲೆ ನನಗೆ ಬಹಳ ಗೌರವ. ಕೆಟ್ಟ ವರ್ಷನ್‌ಗಳು 5.6.0 ಮತ್ತು 5.6.1. ಅವು ಡೆಬಿಯನ್‌ನ ಪರೀಕ್ಷೆಯ ಶಾಖೆಗಳಿಗೆ ಬಂದಿದ್ದವು, ಸ್ಟೇಬಲ್‌ಗೆ ಬರಲೇ ಇಲ್ಲ. ವರ್ಷನ್ ಹಳೇದಾಗಿರಬೇಕು, ತೇಪೆ ಹೊಸದಾಗಿರಬೇಕು ಅನ್ನುವುದು ಇದಕ್ಕೇ.

ಹಾಗಾದರೆ ನಿಜವಾಗಿ ಹಾಳಾಗುವುದು ಯಾವಾಗ? ಯಾವುದೋ ವಿಡಿಯೋ ನೋಡಿ ನಾಲ್ಕು ಪಿಪಿಎ (ಹೊರಗಿನವರು ಇಟ್ಟ ರೆಪೊಸಿಟರಿ) ಸೇರಿಸಿದಾಗ. ಬೆಂಬಲ ಮುಗಿದ ಬಿಡುಗಡೆಯಲ್ಲೇ ಕೂತಾಗ. ಉಬುಂಟು 20.04ರ ಮಾಮೂಲಿ ಬೆಂಬಲ 2025ರ ಮೇಯಲ್ಲೇ ಮುಗಿದಿದೆ, ಅದರಲ್ಲಿ ಇರುವವರು ಮೇಲಿನದಕ್ಕೆ ಹೋಗಿ. ಮೂರನೆಯದು ನಮ್ಮ ಕಡೆಯದೇ: ಅರ್ಧದಲ್ಲಿ ಕರೆಂಟ್ ಹೋದಾಗ.

ಹೋದ ಮಳೆಗಾಲ ಹೊಸನಗರದ ಕಡೆ ಒಂದು ಝೆರಾಕ್ಸ್ ಅಂಗಡಿಯಲ್ಲಿ ಹೀಗೇ ಆಯಿತು. ಯುಪಿಎಸ್ ಇಲ್ಲ. ಅಪ್‌ಗ್ರೇಡ್ ಅರ್ಧ ಆಗಿತ್ತು, ಲೈನ್ ಮೇಲೆ ಮರ ಬಿತ್ತು. ಮಾರನೇ ದಿನ ಏನು ಇನ್‌ಸ್ಟಾಲ್ ಮಾಡಲು ಹೋದರೂ "ಡಿಪಿಕೆಜಿ ವಾಸ್ ಇಂಟರಪ್ಟೆಡ್" ಅನ್ನೋ ಒಂದೇ ಸಾಲು. ಅಂಗಡಿಯವರು ಫಾರ್ಮ್ಯಾಟ್ ಮಾಡಿಸಲು ಹೊರಟಿದ್ದರು. ಬೇಕಾಗಿರಲಿಲ್ಲ. ಯಾವ ಪ್ಯಾಕೇಜ್ ಬಿಚ್ಚಿಟ್ಟಿದೆ, ಯಾವುದು ಅರ್ಧ ಜೋಡಿಸಿದೆ ಅಂತ ಪ್ಯಾಕೇಜ್ ಜೋಡಿಸುವ ಡಿಪಿಕೆಜಿ ಪ್ರೋಗ್ರಾಂ ಬರೆದಿಟ್ಟುಕೊಂಡಿರುತ್ತದೆ. ಟರ್ಮಿನಲ್‌ನಲ್ಲಿ ಸುಡೋ ಡಿಪಿಕೆಜಿ, ಎರಡು ಅಡ್ಡಗೆರೆ ಹಾಕಿ ಕಾನ್ಫಿಗರ್, ಒಂದು ಅಡ್ಡಗೆರೆ ಹಾಕಿ ಎ. ಬಿಟ್ಟ ಜಾಗದಿಂದ ಮತ್ತೆ ಶುರುವಾಯಿತು. ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಅರ್ಧಕ್ಕೆ ನಿಂತು ಬೂಟ್ ಆಗದಿದ್ದರೆ, ಬೂಟ್ ಮೆನುವಾದ ಗ್ರಬ್‌ನ ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ ಹಳೇ ಕರ್ನಲ್ ಆರಿಸಿ, ಆಮೇಲೆ ಇದೇ ಕಮಾಂಡ್ ಕೊಡಿ. ಹಳೇ ಕರ್ನಲ್ಲನ್ನು ಅದು ಅಳಿಸದೆ ಇಟ್ಟಿರುತ್ತದೆ. ಅಪ್‌ಗ್ರೇಡ್ ಲ್ಯಾಪ್‌ಟಾಪ್‌ನಲ್ಲಾದರೆ ಬ್ಯಾಟರಿ ತುಂಬಿರಲಿ, ಡೆಸ್ಕ್‌ಟಾಪ್‌ನಲ್ಲಾದರೆ ಯುಪಿಎಸ್ ಇರಲಿ.

ಎಲ್ಲಾ ತಾನೇ ಆಗುವುದಾದರೆ ವಾರಕ್ಕೊಮ್ಮೆ ನಾವು ಯಾಕೆ ಕೂರಬೇಕು? ಇದನ್ನು ಯಾರೂ ಕೇಳಿಲ್ಲ, ಆದರೆ ಕೇಳಬೇಕಿತ್ತು. ಭದ್ರತೆಯದಲ್ಲದ ಸಾಮಾನ್ಯ ರಿಪೇರಿಗಳು ತಾವಾಗಿ ಬರುವುದಿಲ್ಲ. ಜೊತೆಗೆ, ನೀವು ಕೈಯಿಂದ ತಿದ್ದಿದ ಸೆಟ್ಟಿಂಗ್ ಫೈಲ್ ಇರುವ ಪ್ಯಾಕೇಜ್‌ಗೆ ಆ ಫೈಲಿನ ಹೊಸ ಪ್ರತಿಯೂ ಬಂದರೆ, ಅನ್‌ಅಟೆಂಡೆಡ್ ಅದನ್ನು ಮುಟ್ಟದೆ ಬಿಡುತ್ತದೆ. ಕೈಯಿಂದ ಅಪ್‌ಗ್ರೇಡ್ ಮಾಡುವಾಗ ಅಲ್ಲಿ ನಿಂತು, ಹೊಸದು ಹಾಕಲಾ, ನಿಮ್ಮದೇ ಇಡಲಾ ಅಂತ ನಿಮ್ಮನ್ನೇ ಕೇಳುತ್ತದೆ: ವೈ, ಎನ್, ಡಿ, ಝಡ್. ಇಲ್ಲಿ ಜನ ಗಾಬರಿಯಾಗಿ ಕಿಟಕಿಯನ್ನೇ ಮುಚ್ಚಿಬಿಡುತ್ತಾರೆ. ಮುಚ್ಚಬೇಡಿ, ಮೊದಲು ಡಿ ಒತ್ತಿ. ಎರಡು ಫೈಲ್‌ಗೂ ಇರುವ ವ್ಯತ್ಯಾಸ ತೋರಿಸುತ್ತದೆ. ಮೈನಸ್ ಇರುವ ಸಾಲು ನಿಮ್ಮದು, ಪ್ಲಸ್ ಇರುವುದು ಹೊಸದು. ಕ್ಯೂ ಒತ್ತಿ ಹೊರಗೆ ಬನ್ನಿ. ಅರ್ಥ ಆಗಲಿಲ್ಲವಾ, ಸುಮ್ನೆ ಎಂಟರ್ ಒತ್ತಿ. ನಿಮ್ಮ ಫೈಲೇ ಉಳಿಯುತ್ತದೆ, ಹೊಸದು ಪಕ್ಕದಲ್ಲಿ 'ಡಿಪಿಕೆಜಿ-ಡಿಸ್ಟ್' ಅನ್ನೋ ಬಾಲ ಹೊತ್ತು ಕೂತಿರುತ್ತದೆ. ವೈ ಒತ್ತಿದ್ದರೂ ನಿಮ್ಮದು ಹೋಗುವುದಿಲ್ಲ, 'ಡಿಪಿಕೆಜಿ-ಓಲ್ಡ್' ಅನ್ನೋ ಹೆಸರಿನಲ್ಲಿ ಅಲ್ಲೇ ಇರುತ್ತದೆ.

ಸಾಗರದವರು ಈ ಭಾನುವಾರ ಕೂರುತ್ತೇನೆ ಎಂದಿದ್ದಾರೆ. ಪ್ರಿಂಟರ್‌ಗೆ ಅಂತ ಒಂದು ಫೈಲ್ ತಿದ್ದಿದ ನೆನಪಿದೆಯಂತೆ. ಆ ಪ್ರಶ್ನೆ ಬಂದರೆ ಡಿ ಒತ್ತಿ ಸ್ಕ್ರೀನಿನ ಫೋಟೋ ಕಳಿಸಿ ಎಂದಿದ್ದೇನೆ. ಕೂತು ಓದೋಣ.