ಗುಡಿಯ ಹುಂಡಿಗೆ ಕಾವಲು ಯಾರು?

ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಳೆದರೆ ಶನಿ ತೊಲಗಿತೆಂದು ಸಮಾಧಾನ ಹೇಳುತ್ತಾರೆ. ಮಂಡ್ಯ ಸೀಮೆಯ ಹಳ್ಳಿಯಲ್ಲಿ ಮಾರಮ್ಮನ ಹುಂಡಿ ಒಡೆದರೆ, ‘ಅಮ್ಮನೇ ನೋಡಿಕೊಳ್ಳುತ್ತಾಳೆ ಬಿಡಿ’ ಎನ್ನುತ್ತಾರೆ. ಠಾಣೆಗೆ ದೂರು ಹೋಗುವುದು ಆಮೇಲೆ, ಹೋದರೆ. ಕಳವಿನ ಹೊಣೆಯನ್ನು ಇಷ್ಟು ಸಲೀಸಾಗಿ ದೇವರಿಗೆ ಒಪ್ಪಿಸುವುದು ಹಳೆಯ ಪದ್ಧತಿಯೇನಲ್ಲ.

ಯಾಜ್ಞವಲ್ಕ್ಯ ಸ್ಮೃತಿಯ ನಿಯಮ ಬಿಗಿಯಾಗಿತ್ತು. ಕಳ್ಳನ ಹೆಜ್ಜೆ ಗಡಿ ದಾಟಿದ್ದು ಕಾಣದಿದ್ದರೆ ತಪ್ಪು ಊರ ಒಡೆಯನದು. ಕಳುವಾದ ಸ್ವತ್ತನ್ನು ಅರಸ ಪ್ರಜೆಗೆ ಕೊಡಬೇಕು. ಈ ಸ್ಮೃತಿಗೆ ‘ಮಿತಾಕ್ಷರ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯರ ಕಾಲದವನು. ಎಲ್ಲ ಅರಸರೂ ಹಾಗೇ ನಡೆದುಕೊಂಡರೆಂದು ನಂಬಬೇಕಾಗಿಲ್ಲ. ಆದರೆ ಹಳೆ ಮೈಸೂರಿನ ಹಳ್ಳಿಗಳಲ್ಲಿ ತೋಟಿ, ತಳವಾರರು ಇದ್ದೇ ಇದ್ದರು. ರಾತ್ರಿ ಗಸ್ತು ತಿರುಗುವುದು, ಊರಿಗೆ ಬಂದ ಹೊಸಬರನ್ನು ಗಮನಿಸುವುದು, ಕಳ್ಳನ ಜಾಡು ಹಿಡಿಯುವುದು ಅವರ ಪಾಲಿಗಿತ್ತು. ಪ್ರತಿಯಾಗಿ ಇನಾಮು ಜಮೀನು, ಸುಗ್ಗಿಯಲ್ಲಿ ಕಣದ ಆಯ, ಅಂದರೆ ಧಾನ್ಯದ ಪಾಲು. ಜಾತಿಗೆ ಗಂಟುಬಿದ್ದಿದ್ದ ಈ ವಂಶಪಾರಂಪರ್ಯ ಚಾಕರಿಯನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಕೊನೆಗಾಣಿಸಿತು. ಅದು ಆಗಲೇಬೇಕಿತ್ತು. ಕಾಯುವ ಕೆಲಸಕ್ಕೆ ಮಾತ್ರ ಹೊಸ ವಾರಸುದಾರರು ಹುಟ್ಟಲಿಲ್ಲ.

ಬೆಲೆಬಾಳುವುದನ್ನು ಸರ್ಕಾರ ಚೆನ್ನಾಗಿಯೇ ಕಾಯುತ್ತದೆ. ಮೇಲುಕೋಟೆಯ ಚೆಲುವನಾರಾಯಣನ ವಜ್ರಖಚಿತ ಕಿರೀಟ ವೈರಮುಡಿ ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುತ್ತದೆ. ಉತ್ಸವಕ್ಕೆ ಪೊಲೀಸ್ ಬೆಂಗಾವಲಿನಲ್ಲಿ ಹೊರಡುತ್ತದೆ. ಆದರೆ ಮುಜರಾಯಿ ದೇವಾಲಯಗಳಲ್ಲಿ ಬಹುಪಾಲು ವರ್ಷಕ್ಕೆ 5 ಲಕ್ಷ ರೂಪಾಯಿಯೂ ಹುಟ್ಟದ ‘ಸಿ’ ದರ್ಜೆಯವು. ಪೂಜೆಗೆಂದು ಸರ್ಕಾರ ಕೊಡುವ ವಾರ್ಷಿಕ ತಸ್ತೀಕಿನಲ್ಲಿ ನಿತ್ಯಪೂಜೆ ನಡೆಯುವುದೇ ಹೆಚ್ಚು, ಕಾವಲುಗಾರನ ಸಂಬಳ ಎಲ್ಲಿಂದ ಬರಬೇಕು?

ಹಾಗಾಗಿ ಎಷ್ಟೋ ಕಡೆ ಅರ್ಚಕರೇ ಕಾವಲು. ಅದರ ಬೆಲೆ ಏನೆಂಬುದು 2020ರ ಸೆಪ್ಟೆಂಬರಿನಲ್ಲಿ ಮಂಡ್ಯದ ಗುತ್ತಲು ಅರಕೇಶ್ವರ ದೇವಸ್ಥಾನದಲ್ಲಿ ತಿಳಿಯಿತು. ರಾತ್ರಿ ಅಲ್ಲೇ ಮಲಗಿದ್ದ ಮೂವರು ಅರ್ಚಕರನ್ನು ಕೊಂದು ಹುಂಡಿ ದೋಚಿದರು. ನೋಟು ಆರಿಸಿಕೊಂಡು ಚಿಲ್ಲರೆಯನ್ನು ಬಿಟ್ಟುಹೋಗಿದ್ದರು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ, ಪೂಜಾಸ್ಥಳದ ವಿಗ್ರಹ ಕದ್ದರೆ 7 ವರ್ಷದವರೆಗೆ ಸೆರೆವಾಸವೆಂದು ಬಿಡಿಸಿ ಹೇಳುತ್ತದೆ. ಒಳ್ಳೆಯದೇ. ಆದರೆ ಸಣ್ಣ ಗುಡಿಗೆ ಕಳ್ಳನನ್ನು ಕರೆತರುವುದು ಹೆಚ್ಚಾಗಿ ಹುಂಡಿಯ ನೋಟು. ಜಾತ್ರೆ ಮುಗಿದು ತಿಂಗಳುಗಳಾದರೂ ಹುಂಡಿ ತೆರೆಯದ ಊರುಗಳಿವೆ; ದುಡ್ಡಿದೆಯೆಂಬುದು ಊರಿಗೆಲ್ಲ ಗೊತ್ತು. ಮುಜರಾಯಿ ಗುಡಿಯಾದರೆ ಅಧಿಕಾರಿಗಳು ಬರಬೇಕು, ಊರಿನದಾದರೆ ಯಜಮಾನರು ಒಪ್ಪಬೇಕು. ಜಾತ್ರೆಯ ಮಾರನೆಯ ದಿನವೇ ಎಣಿಸಿ ಬ್ಯಾಂಕಿಗೆ ಕಟ್ಟುವುದಕ್ಕೆ ಕಾವಲುಗಾರನೂ ಬೇಡ, ಕ್ಯಾಮೆರಾವೂ ಬೇಡ. ಅಡ್ಡ ಬರುವುದು ಬೀಗದ ಕೈ ಯಾರ ಬಳಿ ಇರಬೇಕೆಂಬ ತಕರಾರು.